ನೀಲಿ ಬಕೆಟ್ಟು ಮತ್ತು ಇಪ್ಪತ್ನಾಲ್ಕನೇ ಮೊಳೆ

ಶಂಕರಪುರದ ಕಾವ್ಯಾರ್ಥ ವಿಚಾರಿಣೀ ಸಭೆಯ ಪೂರ್ವದ ಗೋಡೆಯಲ್ಲಿ ಒಟ್ಟು ಇಪ್ಪತ್ನಾಲ್ಕು ಮೊಳೆಗಳಿವೆ. ಇವುಗಳನ್ನು ೧೯೩೭ನೇ ಇಸವಿಯಲ್ಲಿ ಸಂಸ್ಥಾಪಕರು ಸ್ವಹಸ್ತದಿಂದ ಹೊಡೆದರು. ಹೊಡೆಯುವಾಗ ಗಾರೆ ಉದುರಿ ಕಣ್ಣಿಗೆ ಬಿದ್ದುದರಿಂದ, ಇನ್ನು ಮುಂದೆ ಯಾರೂ ಈ ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ ಎಂಬ ಒಂಬತ್ತನೇ ನಿಯಮವನ್ನೂ ಅಂದೇ ಸಂಜೆ ಬರೆದರು. ಇಪ್ಪತ್ಮೂರು ಮೊಳೆಗಳಿಗೆ ಇಪ್ಪತ್ಮೂರು ಮಹನೀಯರ ಫೋಟೋಗಳು ತೂಗುತ್ತಿದ್ದವು. ಇಪ್ಪತ್ನಾಲ್ಕನೆಯದು ೨೦೦೯ನೇ ಇಸವಿಯ ಬೇಸಿಗೆಯವರೆಗೆ ಖಾಲಿ ಇತ್ತು.

ಆ ಮೊಳೆಯ ಮೇಲೆ ಬದರೀನಾರಾಯಣರ ಕಣ್ಣು ಬಿದ್ದು ಮೂವತ್ತೊಂದು ವರ್ಷವಾಗಿತ್ತು.

ಸಭೆಯ ಪದ್ಧತಿ ಸರಳವಾದದ್ದು. ಪ್ರತಿ ಶನಿವಾರ ಸಂಜೆ ಆರಕ್ಕೆ ಒಬ್ಬರು ಕಾವ್ಯ ಹಾಡುತ್ತಾರೆ, ಇನ್ನೊಬ್ಬರು ಪದ್ಯಪದ್ಯಕ್ಕೂ ನಿಲ್ಲಿಸಿ ವ್ಯಾಖ್ಯಾನ ಮಾಡುತ್ತಾರೆ, ಹನ್ನೊಂದು ಜನ ಕೇಳುತ್ತಾರೆ, ಏಳು ಜನ ಎಚ್ಚರವಾಗಿರುತ್ತಾರೆ. ನೂರು ಕೃತಿಗಳಿಗೆ ವ್ಯಾಖ್ಯಾನ ಮಾಡಿದವರಿಗೆ ‘ಅರ್ಥಕೇಸರಿ’ ಎಂಬ ಬಿರುದು, ಒಂದು ಶಾಲು, ಒಂದು ಮೊಳೆ. ಆದರೆ ಹನ್ನೊಂದನೇ ನಿಯಮದ ಪ್ರಕಾರ, ಒಬ್ಬರು ಅರ್ಥ ಹೇಳಿದ ಕೃತಿಯನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಎಂಜಲು ಅರ್ಥ ಸಭೆಗೆ ನಿಷಿದ್ಧ.

ಎಪ್ಪತ್ತೆರಡು ವರ್ಷದಲ್ಲಿ ಏನಾಗಬೇಕೋ ಅದೇ ಆಯಿತು. ಕನ್ನಡದ ಕಾವ್ಯಗಳೆಲ್ಲ ಮುಗಿದವು, ಸಂಸ್ಕೃತದವೂ ಮುಗಿದವು. ಬದರೀನಾರಾಯಣರು ತಮ್ಮ ತೊಂಬತ್ತೆಂಟನೇ ವ್ಯಾಖ್ಯಾನವನ್ನು ತಮ್ಮ ಷಡ್ಡಕನ ಮಗಳ ಲಗ್ನಪತ್ರಿಕೆಯ ಮೇಲೆ ಮಾಡಬೇಕಾಯಿತು. ತೊಂಬತ್ತೊಂಬತ್ತನೆಯದು ಗ್ಯಾಸ್ ಸಿಲಿಂಡರಿನ ಸುರಕ್ಷತಾ ಸೂಚನೆ. ಅದನ್ನು ಗದ್ಯಕಾವ್ಯವೆಂದು ಸಭೆ ಒಪ್ಪಿತು. ‘ವಾಸನೆ ಬಂದೊಡನೆ ಕಿಟಕಿ ತೆರೆಯಿರಿ’ ಎಂಬಲ್ಲಿ ಪೂರ್ವಜನ್ಮದ ವಾಸನೆಯನ್ನು ಅವರು ವಿವರಿಸಿದಾಗ ಇಬ್ಬರು ಅತ್ತರಂತೆ. ಬದರೀನಾರಾಯಣರ ಹಿಂದೆಯೇ ಓಡಿ ಬರುತ್ತಿದ್ದವರು ಸಭೆಯ ಕಾರ್ಯದರ್ಶಿ ಮಧುಸೂದನ್. ಅವರದು ತೊಂಬತ್ತೆಂಟು. ಕೊನೆಯದು ಬಸ್ ಪಾಸಿನ ಹಿಂಬದಿಯ ಷರತ್ತುಗಳು. ಉಳಿದದ್ದು ಒಂದೇ ಮೊಳೆ. ಹಾಗಾಗಿ ಇಬ್ಬರೂ ಪರಸ್ಪರ ಬಹಳ ವಿನಯದಿಂದ ಇರುತ್ತಿದ್ದರು.

ಬದರೀನಾರಾಯಣರು ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿ ಮೂವತ್ತಾರು ವರ್ಷ ಇದ್ದವರು. ಪಾಲಿಸಿಯ ಹಿಂದೆ ಇರುವೆ ಸಾಲಿನಂತೆ ಅಚ್ಚಾದ ಷರತ್ತುಗಳಲ್ಲಿ, ಬರೆದವನಿಗೇ ಹೊಳೆಯದ ಅರ್ಥ ತೆಗೆದು, ಎಷ್ಟೋ ಸಂಸಾರಗಳನ್ನು ಬರಿಗೈಲಿ ವಾಪಸು ಕಳಿಸಿದ ಖ್ಯಾತಿ ಅವರದು. ಅಂಥವರಿಗೆ ನೂರನೇ ಕೃತಿ ಸಿಕ್ಕದೆ ಹದಿನಾಲ್ಕು ತಿಂಗಳಾಗಿತ್ತು. ಫೋಟೋ ಮಾತ್ರ ೧೯೯೪ರಲ್ಲೇ ಚಾಮರಾಜಪೇಟೆಯ ಸ್ಟುಡಿಯೋದಲ್ಲಿ, ತಲೆಗೂದಲು ಇನ್ನೂ ಕಪ್ಪಗಿದ್ದಾಗ, ತೆಗೆಸಿ ತೇಗದ ಫ್ರೇಮು ಹಾಕಿಸಿ ಇಟ್ಟಿದ್ದರು. ಬೀರುವಿನ ಮೇಲೆ ಪೇಪರು ಸುತ್ತಿಕೊಂಡು ಮಲಗಿತ್ತು ಅದು. ಪ್ರತಿ ದೀಪಾವಳಿಗೆ ಇಳಿಸಿ, ಗಾಜು ಒರೆಸಿ, ಒಂದು ನಿಟ್ಟುಸಿರು ಬಿಟ್ಟು ಮತ್ತೆ ಮೇಲಿಡುತ್ತಿದ್ದರು.

“ಫೋಟೋ ತಾನೇ ರೀ? ನಮ್ಮ ಹಾಲಲ್ಲೇ ಹಾಕಿದ್ರಾಯ್ತು ಬಿಡಿ,” ಎಂದರು ಹೆಂಡತಿ ಆಂಡಾಳ್ ಒಮ್ಮೆ, ಕನಿಕರಪಟ್ಟು.

“ಮನೆ ಗೋಡೆ ಮೇಲೆ ಗಂಡನ ಫೋಟೋ ಯಾವಾಗ ಹಾಕ್ತಾರೆ ಅಂತ ಗೊತ್ತಿಲ್ವೇನೇ ನಿನಗೆ?” ಎಂದು ಇವರು ರೇಗಿದರು. ಆಂಡಾಳ್ ಮತ್ತೆ ಆ ಮಾತು ಎತ್ತಲಿಲ್ಲ.

ಹೀಗಿರುವಾಗ ಫೆಬ್ರವರಿಯ ಒಂದು ಭಾನುವಾರ ಮೊಮ್ಮಗಳು ಸುಪ್ರಜಾ, ಪಿಯುಸಿ ಓದುವವಳು, ಮಣಿಪುರದಿಂದ ಬಂದ ಸಹಪಾಠಿಯೊಬ್ಬಳು ಕೊಟ್ಟ ಸಿಡಿಯನ್ನು ಮನೆಯ ಕಂಪ್ಯೂಟರಿಗೆ ಹಾಕಿದಳು. ಅದರಲ್ಲಿ ಐದು ಜನ ಕೊರಿಯಾದ ಹುಡುಗರು ಒಂದು ಕಣ್ಣಿನ ಮೇಲೆ ಕೂದಲು ಬಿಟ್ಟುಕೊಂಡು ಕುಣಿಯುತ್ತಿದ್ದರು. ಹಾಡಿನ ಹೆಸರು ಕೊರಿಯನ್ ಲಿಪಿಯಲ್ಲಿದ್ದುದರಿಂದ ಸಭೆಯ ನಡಾವಳಿಯಲ್ಲಿ ಅದು ‘ಸದರಿ ಹಾಡು’ ಎಂದೇ ದಾಖಲಾಗಿದೆ. ನಾವೂ ಹಾಗೇ ಕರೆಯೋಣ.

ಬದರೀನಾರಾಯಣರು ಕಾಫಿ ಲೋಟ ಹಿಡಿದು ಹಿಂದೆ ಬಂದು ನಿಂತರು. ನೀರಿಲ್ಲದ ಬಯಲಲ್ಲಿ ಒಂದು ದೋಣಿ. ಅದರಲ್ಲಿ ಒಬ್ಬ ಹುಟ್ಟು ಹಾಕುತ್ತಿದ್ದಾನೆ. ಇನ್ನೊಬ್ಬ ದಪ್ಪ ಪುಸ್ತಕದ ಹಾಳೆಗಳನ್ನು ಒಂದೊಂದೇ ಹರಿದು ತಿನ್ನುತ್ತಿದ್ದಾನೆ.

“ಇದಕ್ಕೇನಮ್ಮಾ ಅರ್ಥ?”

“ಅಯ್ಯೋ ತಾತ, ಇದ್ರಲ್ಲಿ ತುಂಬಾ ಗೂಢಾರ್ಥ ಇದೆ. ಆ ಪುಸ್ತಕ ಯಾವುದೋ ಜರ್ಮನ್ ಕಾದಂಬರಿ ಅಂತೆ. ದೋಣಿ ಹಳೇ ಕೊರಿಯನ್ ಪದ್ಯದ್ದಂತೆ. ಫ್ಯಾನ್ಸೆಲ್ಲ ಇಂಟರ್ನೆಟ್ಟಲ್ಲಿ ಇದರ ಮೇಲೇ ನೂರಾ ನಲವತ್ತು ಪುಟ ಬಡಿದಾಡಿದಾರೆ.”

“ಬಡಿದಾಡಿ?”

“ಏನೂ ತೀರ್ಮಾನ ಆಗಿಲ್ಲ.”

ಬದರೀನಾರಾಯಣರು ಲೋಟ ಕೆಳಗಿಟ್ಟು ಕುರ್ಚಿ ಎಳೆದುಕೊಂಡರು. ಶಂಕರಪುರದಲ್ಲಿ ಯಾರೂ ಮುಟ್ಟದ, ಯಾರೂ ಎಂಜಲು ಮಾಡದ, ಗೂಢಾರ್ಥ ತುಂಬಿ ತುಳುಕುವ ಕೃತಿಯೊಂದು ತಮ್ಮ ನಡುಮನೆಯಲ್ಲೇ ಕುಣಿಯುತ್ತಿದೆ! ಅವರ ಕಣ್ಣು ಮಂಜಾಯಿತು. ಅಂದು ಅವರು ಸದರಿ ಹಾಡನ್ನು ನಲವತ್ತೊಂದು ಸಲ ನೋಡಿದರು. ಊಟಕ್ಕೆ ಕರೆದ ಆಂಡಾಳ್ ಬಾಗಿಲಲ್ಲಿ ನಿಂತು, ಪರದೆಯಲ್ಲಿ ಅಂಗಿಯಿಲ್ಲದೆ ಕುಣಿಯುತ್ತಿದ್ದ ಹುಡುಗನನ್ನೂ ತನ್ಮಯರಾಗಿ ನೋಡುತ್ತಿದ್ದ ಗಂಡನನ್ನೂ ಒಮ್ಮೆ ನೋಡಿ, ಸದ್ದಿಲ್ಲದೆ ಹೋಗಿ ಸಾರು ಮುಚ್ಚಿಟ್ಟರು.

ಸದರಿ ಹಾಡೇ ತಮ್ಮ ನೂರನೇ ಕೃತಿ ಎಂದು ಬದರೀನಾರಾಯಣರು ಸೂಚಿಸಿದಾಗ ಸಭೆಯಲ್ಲಿ ಮಧುಸೂದನ್ ಆಕ್ಷೇಪಿಸಿದರು. ವೈಯಕ್ತಿಕವಾಗಿ ತಮಗೆ ಪರಮ ಸಂತೋಷ, ಆದರೆ ಕಾರ್ಯದರ್ಶಿಯಾಗಿ ಕೇಳಲೇಬೇಕು: ಇದು ಕಾವ್ಯವೇ? ಕಾವ್ಯವೆಂದರೆ ಅದರಲ್ಲಿ ಹದಿನೆಂಟು ವರ್ಣನೆಗಳಿರಬೇಕು ಎಂದು ನಾಲ್ಕನೇ ನಿಯಮ ಹೇಳುತ್ತದೆ. ಸಮುದ್ರ, ಬೆಟ್ಟ, ಚಂದ್ರೋದಯ, ಜಲಕ್ರೀಡೆ, ಯುದ್ಧ ಇತ್ಯಾದಿ.

“ಗ್ಯಾಸ್ ಸಿಲಿಂಡರಲ್ಲಿ ಚಂದ್ರೋದಯ ಎಲ್ಲಿತ್ತು ಸ್ವಾಮಿ?” ಎಂದರು ಅಧ್ಯಕ್ಷರಾದ ಮುನಿನಾರಾಯಣಪ್ಪ. ಅವರದು ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ. ಸಭೆಗೆ ಎರಡು ಫ್ಯಾನು ಕೊಟ್ಟಿದ್ದರಿಂದ ಅಧ್ಯಕ್ಷರಾದವರು. ಫ್ಯಾನು ತಿರುಗುವವರೆಗೂ ಅಧ್ಯಕ್ಷರು.

“ಅದು ಗದ್ಯಕಾವ್ಯ. ಇದು ಹಾಡು,” ಎಂದರು ಮಧುಸೂದನ್.

ಆದ್ದರಿಂದ ಅಷ್ಟಾದಶ ವರ್ಣನಾ ಪರಿಶೀಲನಾ ಉಪಸಮಿತಿ ರಚನೆಯಾಗಿ, ಅಧ್ಯಕ್ಷರ ಟಿವಿಯನ್ನು ಸಭೆಗೆ ತರಿಸಿ ಮೂರು ದಿನ ಕೂತಿತು. ಮೂರು ನಿಮಿಷ ಐವತ್ತೆರಡು ಸೆಕೆಂಡಿನ ಹಾಡಿನಲ್ಲಿ ಹದಿನೇಳು ವರ್ಣನೆಗಳು ಸಿಕ್ಕಿದವು. ಹುಡುಗರು ತಲೆ ತಲೆ ಸೇರಿಸಿ ನಿಂತದ್ದು ಮಂತ್ರಾಲೋಚನೆ ಎಂದಾಯಿತು. ಮೊಬೈಲು ಕಿವಿಗಿಟ್ಟದ್ದು ದೂತಕಾರ್ಯ. ಕುಮಾರೋದಯ, ಅಂದರೆ ಮಗ ಹುಟ್ಟುವುದು ಮಾತ್ರ ಎಲ್ಲೂ ಕಾಣಲಿಲ್ಲ. ಮಧುಸೂದನ್ ಮುಖ ಅರಳಿತು.

“ಅಲ್ಲ ಕಣ್ರೀ, ಐದು ಆಳು ಎದುರಿಗೆ ಕುಣೀತಾವ್ರೆ,” ಎಂದರು ಮುನಿನಾರಾಯಣಪ್ಪ. “ಹುಟ್ಟದೆ ಬಂದ್ರಾ?”

ಹದಿನೆಂಟನೆಯದೂ ಸಿದ್ಧಿಸಿತು. ಮಧುಸೂದನ್ ನಡಾವಳಿ ಬರೆದರು, ಪೆನ್ನಿನ ಮುಳ್ಳು ಮುರಿಯಿತು.

ಮಾರ್ಚಿನ ಮೊದಲ ಶನಿವಾರ ವ್ಯಾಖ್ಯಾನ ನಡೆಯಿತು. ಸುಪ್ರಜಾ ಕಾಲೇಜಿನಲ್ಲಿ ಬಾಯಿಬಿಟ್ಟಿದ್ದರಿಂದ ಹನ್ನೊಂದು ಜನ ಕೂರುತ್ತಿದ್ದ ಹಾಲಿಗೆ ನೂರಾ ಎಂಬತ್ತು ಜನ ಬಂದರು. ಮುಂದಿನ ಸಾಲಿನಲ್ಲಿ ಕೂದಲಿಗೆ ಕೆಂಪು ಬಣ್ಣ ಹಚ್ಚಿದ ಹುಡುಗಿಯರು, ಅವರ ಹಿಂದೆ ವಿಭೂತಿ, ನಾಮ, ಅಂಗಾರ ಅಕ್ಷತೆಗಳು. ಸುಪ್ರಜಾ ರಿಮೋಟು ಹಿಡಿದು ಕೂತಳು. ತಾತ ಕೈಯೆತ್ತಿದರೆ ಹಾಡು ನಿಲ್ಲಬೇಕು, ಇಳಿಸಿದರೆ ಮುಂದುವರಿಯಬೇಕು.

“ಐದು ಜನ,” ಎಂದು ಆರಂಭಿಸಿದರು ಬದರೀನಾರಾಯಣರು. “ಯಾರಿವರು? ಕಪ್ಪು ಕನ್ನಡಕದವನು ಕಣ್ಣು. ಹೆಡ್‌ಫೋನ್ ಹಾಕ್ಕೊಂಡವನು ಕಿವಿ. ಮೂಗಿನವರೆಗೂ ಮಫ್ಲರ್ ಸುತ್ತಿದವನು ಮೂಗು. ಪುಸ್ತಕ ತಿನ್ನುವವನು ನಾಲಿಗೆ. ಅಂಗಿಯಿಲ್ಲದವನು...”

“ಚರ್ಮ!” ಎಂದು ಮುಂದಿನ ಸಾಲಿನ ಹುಡುಗಿಯರು ಒಟ್ಟಿಗೆ ಕೂಗಿದರು.

ಪಂಚೇಂದ್ರಿಯಗಳು ನೀರಿಲ್ಲದ ಸಂಸಾರಸಾಗರದಲ್ಲಿ ಹುಟ್ಟು ಹಾಕುತ್ತವೆ, ಎಲ್ಲಿಗೂ ಹೋಗುವುದಿಲ್ಲ. ಎರಡು ನಿಮಿಷ ಹನ್ನೊಂದನೇ ಸೆಕೆಂಡಿನಲ್ಲಿ ಅವರು ಕೈಯೆತ್ತಿದರು. ಪರದೆಯ ಎಡ ಮೂಲೆಯಲ್ಲಿ, ಕುಣಿಯುವವರ ಕಾಲ ಹಿಂದೆ, ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ಟು ಇತ್ತು. ಜಗತ್ತಿನಾದ್ಯಂತ ನೂರಾ ನಲವತ್ತು ಪುಟ ಬಡಿದಾಡಿದವರಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ.

“ಇದೇ ಕಾವ್ಯದ ಜೀವ,” ಎಂದರು ಬದರೀನಾರಾಯಣರು. “ಖಾಲಿ ಬಕೆಟ್ಟು. ಒಳಗೆ ಏನಿದೆ? ಆಕಾಶ. ಹೊರಗೆ? ಅದೇ ಆಕಾಶ. ಅದಕ್ಕೇ ನೀಲಿ. ನಡುವೆ ಇರೋದು ಬರೀ ಒಂದು ತೆಳ್ಳನೆ ಗೋಡೆ. ಅದನ್ನೇ ನಾವು ‘ನಾನು’ ಅಂತೀವಿ. ಆ ಐದು ಜನ ಮೈ ಮುರಿದು ಕುಣೀತಾರೆ, ಒಬ್ಬನಾದ್ರೂ ತಿರುಗಿ ನೋಡ್ತಾನಾ? ನೋಡಲ್ಲ. ಈ ಬಕೆಟ್ಟನ್ನ ಇಲ್ಲಿ ಇಟ್ಟವನು ಸಾಮಾನ್ಯನಲ್ಲ. ಅವನೇ ಮಹಾಕವಿ. ಉಳಿದದ್ದೆಲ್ಲ ಬರೀ ಕೂದಲು.”

“ಗಡಿಗೆ ಆದ್ರೆ ಒಡೆದು ಎರಡು ಆಕಾಶವೂ ಒಂದಾಯ್ತದೆ ಅನ್ನಬೋದು,” ಎಂದು ಮುನಿನಾರಾಯಣಪ್ಪ ಕೇಳಿದರು. “ಪ್ಲಾಸ್ಟಿಕ್ಕು ಒಡೆಯಲ್ವಲ್ಲ ಸ್ವಾಮಿ?”

“ಅದಕ್ಕೇ ಈ ಕಾಲದಲ್ಲಿ ಮೋಕ್ಷ ನಿಧಾನ.”

ಚಪ್ಪಾಳೆ ನಿಲ್ಲಲಿಲ್ಲ. ಕೆಂಪು ಕೂದಲಿನ ಹುಡುಗಿಯೊಬ್ಬಳು ಓಡಿ ಬಂದು ಕಾಲಿಗೆ ಬಿದ್ದಳು. ಮುನಿನಾರಾಯಣಪ್ಪ ಮೂರನೇ ಫ್ಯಾನು ಘೋಷಿಸಿದರು. ಬದರೀನಾರಾಯಣರು ಮನೆಗೆ ಹೋಗಿ, ಕಾಲು ತೊಳೆಯುವ ಮೊದಲೇ ಸ್ಟೂಲು ಹತ್ತಿ ಬೀರುವಿನ ಮೇಲಿಂದ ಫೋಟೋ ಇಳಿಸಿದರು.

ಮುಂದಿನದನ್ನು ಕೆಟ್ಟದ್ದು ಎನ್ನಲಾಗದು. ಸುಪ್ರಜಾ ಒಳ್ಳೆಯ ಮನಸ್ಸಿನಿಂದಲೇ ಮಾಡಿದಳು. ತಾತನ ವ್ಯಾಖ್ಯಾನವನ್ನು ಇಂಗ್ಲಿಷಿಗೆ ಇಳಿಸಿ ಅಭಿಮಾನಿಗಳ ವೆಬ್‌ಸೈಟಿಗೆ ಹಾಕಿದಳು. ಒಂದೇ ವಾರದಲ್ಲಿ ದೇಶದೇಶಗಳ ಹುಡುಗಿಯರು ಬಕೆಟ್ಟು ಇಟ್ಟುಕೊಂಡು ಫೋಟೋ ತೆಗೆಸಿಕೊಂಡರು. ಬಳೇಪೇಟೆಯ ಪ್ಲಾಸ್ಟಿಕ್ ಹೋಲ್‌ಸೇಲ್ ಅಂಗಡಿಗಳಲ್ಲಿ ನೀಲಿ ಬಕೆಟ್ಟು ಮುಗಿದು, ಹಸಿರು ಬಕೆಟ್ಟಿಗೆ ‘ಇದೂ ಆಕಾಶವೇ’ ಎಂದು ಚೀಟಿ ಅಂಟಿಸಿ ಮಾರಿದರು. ಹುಡುಗಿಯರ ಪ್ರಶ್ನೆ ತಾಳಲಾರದೆ ಕೊರಿಯಾದ ಆ ವಿಡಿಯೋ ಕಂಪನಿ ಏಪ್ರಿಲಿನಲ್ಲಿ ಒಂದು ಉತ್ತರ ಬರೆಯಿತು. ಸುಪ್ರಜಾ ಅದನ್ನು ಓದಿ, ತಾತನಿಗೆ ಹೇಳಲೋ ಬೇಡವೋ ಎಂದು ಎರಡು ದಿನ ಒದ್ದಾಡಿ, ಕೊನೆಗೆ ಅಳುಮುಖ ಮಾಡಿಕೊಂಡು ಹೇಳಿದಳು.

“ತಾತ, ಆ ಬಕೆಟ್ಟು... ನೆಲ ಒರೆಸೋ ಅಜ್ಜಿ ಮರೆತು ಬಿಟ್ಟುಹೋಗಿದ್ದಂತೆ. ಬೇ ಮಾಲ್ ಸೂನ್ ಅಂತ, ಅರವತ್ತೇಳು ವರ್ಷ. ಫೋಟೋನೂ ಕಳ್ಸಿದಾರೆ. ಸಾರಿ ತಾತ.”

ವಿಷಯ ಮಧುಸೂದನರಿಗೆ ತಲುಪಲು ಅರ್ಧ ದಿನ ಹಿಡಿಯಿತು. ಅವರು ತುರ್ತು ಸಭೆ ಕರೆದು ಇಪ್ಪತ್ಮೂರನೇ ನಿಯಮವನ್ನು ಗಟ್ಟಿಯಾಗಿ ಓದಿದರು:

‘ವ್ಯಾಖ್ಯಾನಗೊಂಡ ಕೃತಿಯ ಕವಿಯು ಜೀವಂತವಿದ್ದ ಪಕ್ಷದಲ್ಲಿ, ಅಗ್ರಸನ್ಮಾನವೂ ಮೊಳೆಯೂ ಮೊದಲು ಕವಿಗೆ ಸಲ್ಲತಕ್ಕದ್ದು, ಮಿಕ್ಕರೆ ವ್ಯಾಖ್ಯಾನಕಾರರಿಗೆ.’

ಸಭೆಯ ಕವಿಗಳೆಲ್ಲ ಐನೂರೋ ಸಾವಿರವೋ ವರ್ಷಗಳ ಹಿಂದೆಯೇ ಕಾಲವಾಗಿದ್ದರಿಂದ ಈ ನಿಯಮದ ಗೋಜಿಗೆ ಈವರೆಗೆ ಯಾರೂ ಹೋಗಿರಲಿಲ್ಲ. ಲಗ್ನಪತ್ರಿಕೆ, ಸಿಲಿಂಡರುಗಳ ಕರ್ತೃ ಅಜ್ಞಾತ.

“ಬದರೀನಾರಾಯಣರೇ, ಬಕೆಟ್ಟು ಇಟ್ಟವರೇ ಮಹಾಕವಿ ಅಂತ ತಾವೇ ಅಪ್ಪಣೆ ಕೊಡಿಸಿದೀರಿ. ಬರೆದುಕೊಂಡಿದೀನಿ,” ಎಂದರು ಮಧುಸೂದನ್, ಜೇನಿನಂಥ ದನಿಯಲ್ಲಿ. “ಈಗ ಎರಡೇ ದಾರಿ. ಬಕೆಟ್ಟಿಗೆ ಅರ್ಥ ಇಲ್ಲ ಅಂತ ಬರೆದುಕೊಡಿ. ಆಗ ತಮ್ಮ ವ್ಯಾಖ್ಯಾನ ರದ್ದು, ತಮ್ಮದು ತೊಂಬತ್ತೊಂಬತ್ತೇ. ಇಲ್ಲ, ಅರ್ಥ ಇದೆ ಅನ್ನಿ. ಆಗ ಮೊಳೆ ಆ ತಾಯಿಗೆ.”

“ಒಂದು ಮೊಳೆ ಹೊಡೆಯೋಕೆ ಏನ್ ಸ್ವಾಮಿ, ಎರಡು ನಿಮಿಷ,” ಎಂದಳು ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಅಂಜಿನಮ್ಮ. ಸಭೆಯ ಕಸ ಗುಡಿಸಿ ನೆಲ ಒರೆಸುವವಳು ಆಕೆ. “ಸುತ್ತಿಗೆ ನಮ್ಮನೇಲೈತೆ.”

ಎಲ್ಲರೂ ನಕ್ಕರು. ಒಂಬತ್ತನೇ ನಿಯಮ ಗೊತ್ತಿಲ್ಲದವರ ಮಾತಿಗೆ ಬೇರೆ ಏನು ಮಾಡಲು ಸಾಧ್ಯ?

ಬದರೀನಾರಾಯಣರು ಆ ಖಾಲಿ ಮೊಳೆಯನ್ನು ನೋಡಿದರು. ಮೂವತ್ತೊಂದು ವರ್ಷ, ಸಾವಿರದಾರುನೂರು ಶನಿವಾರ. ಕ್ಲೇಮ್ ವಿಭಾಗದಲ್ಲಾಗಿದ್ದರೆ ‘ಮರೆತು ಬಿಡುವುದು’ ಎಂದರೆ ‘ಇಡುವುದು’ ಅಲ್ಲ ಎಂದು ಸಾಧಿಸಿ ಅರ್ಜಿ ತಳ್ಳಿಹಾಕುತ್ತಿದ್ದರು. ನಾಲಿಗೆ ತುದಿಯಲ್ಲೇ ಇತ್ತು. ಆದರೆ ಆ ಬಕೆಟ್ಟು ಕಣ್ಣಮುಂದೆ ಬಂತು. ಜೀವನದಲ್ಲಿ ಅವರು ತೆಗೆದ ಅರ್ಥಗಳಲ್ಲಿ ಯಾರ ಹೊಟ್ಟೆಯ ಮೇಲೂ ಹೊಡೆಯದ ಅರ್ಥ ಅದೊಂದೇ. ಸುಳ್ಳು ಎನ್ನಲು ಅವರಿಗೆ ಮನಸ್ಸೇ ಬರಲಿಲ್ಲ.

“ಅರ್ಥ ಇದೆ,” ಎಂದರು. “ಮರೆತು ಬಿಟ್ಟದ್ದೇ ದೊಡ್ಡದು. ಬೇಕು ಅಂತ ಇಟ್ಟಿದ್ರೆ ಅದು ಬರೀ ಬಕೆಟ್ಟು. ಮೊಳೆ ಆ ತಾಯಿಗೇ ಕೊಡಿ.”

ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು. ಶ್ರೀಮತಿ ಬೇ ಮಾಲ್ ಸೂನ್ ಅವರಿಗೆ ‘ಅರ್ಥಕೇಸರಿ’ ಬಿರುದನ್ನೂ, ರಿಜಿಸ್ಟರ್ಡ್ ಪಾರ್ಸೆಲಿನಲ್ಲಿ ಶಾಲನ್ನೂ ಕಳಿಸುವುದೆಂದಾಯಿತು. ಬದರೀನಾರಾಯಣರ ನೂರು ಪೂರ್ತಿಯಾದದ್ದನ್ನು ಸಭೆ ಹರ್ಷದಿಂದ ದಾಖಲಿಸಿ, ಮೊಳೆ ಮಿಗದ ಕಾರಣ ಅವರನ್ನು ‘ಮೊಳೆರಹಿತ ಅರ್ಥಕೇಸರಿ’ ಎಂದು ಘೋಷಿಸಿತು. ಮಧುಸೂದನರಿಗೂ ಇನ್ನು ಮೊಳೆ ಸಿಕ್ಕುವ ಹಾಗಿರಲಿಲ್ಲ. ಆ ವಿಷಯ ಅವರಿಗೆ ಹೊಳೆದದ್ದು ಮನೆ ತಲುಪಿದ ಮೇಲೆ. ಅಂದು ಅವರಿಗೆ ಜ್ವರ ಬಂತು.

ಕೊರಿಯಾದಿಂದ ಬಂದ ಫೋಟೋವನ್ನು ಪ್ರಿಂಟು ತೆಗೆಸಿದ ಮೇಲೆ ಫ್ರೇಮಿನ ಪ್ರಶ್ನೆ ಬಂತು. “ನನ್ನ ಹತ್ರ ಒಂದಿದೆ,” ಎಂದರು ಬದರೀನಾರಾಯಣರು. ಮನೆಯಲ್ಲಿ ಆಂಡಾಳ್ ಫ್ರೇಮಿನ ಹಿಂದಿನ ರಟ್ಟು ಬಿಚ್ಚಿ, ೧೯೯೪ರ ಕಪ್ಪು ಕೂದಲಿನ ಗಂಡನನ್ನು ಹೊರತೆಗೆಯಲು ಹೋದರು. ಬದರೀನಾರಾಯಣರು ಹೆಂಡತಿಯ ಕೈ ಹಿಡಿದರು.

“ತೆಗೀಬೇಡ ಕಣೇ. ಅದರ ಮುಂದೆ ಇಡು.”

ಆಂಡಾಳ್ ಒಂದು ಕ್ಷಣ ಗಂಡನ ಮುಖ ನೋಡಿದರು. ಆಮೇಲೆ ನೀಲಿ ಏಪ್ರನ್ ತೊಟ್ಟು ನಗುತ್ತಿದ್ದ ಆ ಮುದುಕಿಯನ್ನು ಗಂಡನ ಮುಂದೆ ಇಟ್ಟು, ರಟ್ಟು ಒತ್ತಿ ಮೊಳೆ ಬಿಗಿದರು. ಎರಡು ಫೋಟೋ ಸೇರಿ ರಟ್ಟು ಸ್ವಲ್ಪ ಉಬ್ಬಿತು.

ಮೇ ತಿಂಗಳ ಮೊದಲ ಶನಿವಾರ ಫೋಟೋ ಅನಾವರಣ. ಅಂದು ವೇದಿಕೆಯ ಎಡ ಮೂಲೆಯಲ್ಲಿ ಒಂದು ಬಕೆಟ್ಟು ಇತ್ತು. ಹಸಿರು ಬಣ್ಣದ್ದು, ಹಿಡಿಗೆ ಸಣಬು ಕಟ್ಟಿದ್ದು, ಅಂಚಿಗೆ ಒದ್ದೆ ಬಟ್ಟೆ ಹಾಕಿದ್ದು. ನೂರಾ ತೊಂಬತ್ತು ಜನ ಅದನ್ನು ಕತ್ತು ಚಾಚಿ ನೋಡಿದರು. ಜ್ವರದಿಂದ ಎದ್ದು ಬಂದಿದ್ದ ಮಧುಸೂದನ್ ಬಾಗಿಲ ಕಡೆ ತಿರುಗಿದರು. ಇಪ್ಪತ್ತು ವರ್ಷದಿಂದ ‘ಏಯ್ ಅಂಜಿನಮ್ಮಾ’ ಎಂದು ಕೂಗಿದ್ದ ಬಾಯಿ ಅದು.

“ಅಂಜಿನಮ್ಮನವರೇ,” ಎಂದರು. “ತಾವು ಈ ಪಾತ್ರೆಯನ್ನು ಇಲ್ಲಿ ಇರಿಸಿರುವ ಆಶಯವೇನೆಂದು ಸಭೆ ತಿಳಿಯಬಹುದೇ?”

ಅಂಜಿನಮ್ಮ ತನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದಳು. “ನೆಲ ಒರೆಸೋಕೆ ತಂದಿದ್ದೆ ಸ್ವಾಮಿ. ಜನ ಬಂದ್ಬಿಟ್ರು, ಅಲ್ಲೇ ಬಿಟ್ಟೆ. ತಗೊಂಡೋಗ್ತೀನಿ, ಜರುಗಿ.”

“ಆಹಾ!” ಎಂದಿತು ಸಭೆ. ಹಿಂದಿನ ಸಾಲಿನಲ್ಲೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬಕೆಟ್ಟನ್ನು ಯಾರೂ ಮುಟ್ಟತಕ್ಕದ್ದಲ್ಲ, ಕವಿಯೂ ಮುಟ್ಟತಕ್ಕದ್ದಲ್ಲ ಎಂದು ಮೂವತ್ತನೇ ನಿಯಮ ಅಲ್ಲೇ ಪಾಸಾಯಿತು.

“ಹಂಗಾದ್ರೆ ನೆಲ?” ಎಂದಳು ಅಂಜಿನಮ್ಮ.

ಅದಕ್ಕೊಂದು ಉಪಸಮಿತಿ ನೇಮಕವಾಗಿದೆ. ನೆಲವನ್ನು ಅಂದಿನಿಂದ ಒರೆಸಿಲ್ಲ. ಅಂಜಿನಮ್ಮ ಈಗ ಪ್ರತಿ ಶನಿವಾರ ಮುಂದಿನ ಸಾಲಿನಲ್ಲಿ ಕೂರುತ್ತಾಳೆ, ಸಂಬಳ ಕೊಡುತ್ತಾರಾದ್ದರಿಂದ.

ಅನಾವರಣದ ಆ ಸಂಜೆ ಬದರೀನಾರಾಯಣರು ತಮ್ಮ ನೂರಾ ಒಂದನೇ ವ್ಯಾಖ್ಯಾನಕ್ಕೆ ಗಂಟಲು ಸರಿಮಾಡಿಕೊಂಡು ಇಪ್ಪತ್ನಾಲ್ಕನೇ ಮೊಳೆಯ ಕೆಳಗೆ ಕೂತರು. ಆಗ ಮಧುಸೂದನ್ ತಲೆಯೆತ್ತಿ, “ಏನ್ರೀ ಇದು, ಈ ಫೋಟೋ ಒಂದೇ ಯಾಕೆ ಮುಂದಕ್ಕೆ ವಾಲಿದೆ? ಹಿಂದೆ ಏನೋ ದಪ್ಪಗಿದ್ದ ಹಾಗಿದೆ. ಬಿಚ್ಚಿ ನೋಡೋಣ್ವೇ?” ಎಂದರು.

“ಬೇಡ,” ಎಂದರು ಬದರೀನಾರಾಯಣರು. “ಅದು ಗೂಢಾರ್ಥ. ಇರಲಿ.”

ಮಧುಸೂದನ್ ತಲೆದೂಗಿ, ಅದನ್ನೂ ನಡಾವಳಿಯಲ್ಲಿ ಬರೆದುಕೊಂಡರು.